ಆಕಾಶದಿಂದ ಧುಮುಕುವವರ ಮೊದಲ ಉಡುಪು

೧೯೧೨ನೆಯ ಇಸವಿ ಫೆಬ್ರವರಿ ೪ರ ಬೆಳಗ್ಗೆ ಪ್ಯಾರಿಸ್ ನಗರದ ಐಫೆಲ್ ಗೋಪುರದ ಬುಡದಲ್ಲಿ ಗುಂಪೊಂದು ನೆರೆದಿತ್ತು. ಚಲಚ್ಚಿತ್ರ ತೆಗೆಯುವವರೂ ಬಂದಿದ್ದರು. ಫ್ರಾನ್ಜ್ ರೈಖೆಲ್ಟ್ ಎಂಬ ದರ್ಜಿಯು ತಾನೇ ಹೊಲಿದಿದ್ದ ದೊಡ್ಡದೊಂದು ಉಡುಪನ್ನು ತೊಟ್ಟು ಗೋಪುರದ ಮೊದಲನೆಯ ಅಂತಸ್ತಿಗೆ ಏರಿದನು. ಆ ಉಡುಪೇ ಗಾಳಿಯಲ್ಲಿ ಅರಳಿ ತನ್ನನ್ನು ಮೆಲ್ಲನೆ ಕೆಳಗಿಳಿಸುವುದೆಂಬುದು ಆತನ ನಂಬಿಕೆ. ಗೊಂಬೆಯೊಂದನ್ನು ಕೆಡಹಿ ಪರೀಕ್ಷಿಸುವುದಾಗಿ ಅಧಿಕಾರಿಗಳಿಗೆ ಹೇಳಿ ಅಪ್ಪಣೆ ಪಡೆದಿದ್ದವನು ಕೊನೆಯ ಗಳಿಗೆಯಲ್ಲಿ ತಾನೇ ಧುಮುಕಿದನು. ಎತ್ತರ ೫೭ ಮೀಟರ್. ಬಟ್ಟೆ ಅರಳಲಿಲ್ಲ, ಮೈಗೆ ಸುತ್ತಿಕೊಂಡಿತು. ನಾಲ್ಕೈದು ಸೆಕೆಂಡುಗಳೊಳಗಾಗಿ ಎಲ್ಲವೂ ಮುಗಿದುಹೋಯಿತು.

ಆ ದರ್ಜಿಯ ಕಥೆಯನ್ನು ಮೊದಲಿಗೆ ಹೇಳಲು ಕಾರಣವುಂಟು. ಇಂದು ಸಹಸ್ರಾರು ಮಂದಿ ಕೇವಲ ಕ್ರೀಡೆಗಾಗಿ ಸುಮಾರು ೪,೦೦೦ ಮೀಟರ್ ಎತ್ತರದಲ್ಲಿ ವಿಮಾನದಿಂದ ಹೊರಕ್ಕೆ ಧುಮುಕುತ್ತಾರೆ. ಅವರೂ ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡಾಗಿ ಹೊಲಿದ ಉಡುಪನ್ನು ತೊಡುತ್ತಾರೆ. ಅದಕ್ಕೆ ಜಂಪ್‌ಸೂಟು ಎಂದು ಹೆಸರು. ಆದರೆ ರೈಖೆಲ್ಟನು ತನ್ನ ಉಡುಪಿನಿಂದ ಬಯಸಿದ ಕೆಲಸವೇ ಬೇರೆ, ಇವರ ಉಡುಪು ಮಾಡುವ ಕೆಲಸವೇ ಬೇರೆ. ಪ್ರಾಣವನ್ನು ಉಳಿಸುವುದು ಬೆನ್ನಿಗೆ ಕಟ್ಟಿದ ಪ್ಯಾರಾಚೂಟು. ಅದು ಬಿಚ್ಚಿಕೊಳ್ಳುವುದಕ್ಕೆ ಮುಂಚಿನ ಸುಮಾರು ಒಂದು ನಿಮಿಷದ ಬೀಳುವಿಕೆಯನ್ನು ಹದಗೊಳಿಸುವುದು ಉಡುಪು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೊಸಬರು ತಮ್ಮ ಮೊದಲ ಉಡುಪನ್ನು ಹೇಗೆ ಆರಿಸಬೇಕೆಂಬ ಪ್ರಶ್ನೆಯ ಅರ್ಧ ಭಾಗ ಬಿಡಿಸಿದಂತೆಯೇ.

ನಮ್ಮ ನಾಡಿನವರಿಗೂ ಈ ವಿದ್ಯೆ ತೀರ ದೂರದ್ದಲ್ಲ. ಸೈನ್ಯದ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವು ಬೆಂಗಳೂರಿನಲ್ಲಿದೆ. ಹವ್ಯಾಸಿಗಳಿಗಾಗಿ ಮೈಸೂರಿನಲ್ಲಿ ಧುಮುಕುವ ಶಿಬಿರಗಳು ನಡೆದುದುಂಟು. ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ನೆಲಸಿರುವ ಕನ್ನಡಿಗರಿಗೆ ಈ ಕ್ರೀಡೆಯ ಮೈದಾನಗಳು ರೈಲು ನಿಲ್ದಾಣದಷ್ಟೇ ಹತ್ತಿರವಾಗಿರಬಹುದು. ಧುಮುಕುವ ಯೋಚನೆಯೇ ಇಲ್ಲದ ವಾಚಕರಿಗೂ ಈ ಉಡುಪಿನಲ್ಲಿ ಅಡಗಿರುವ ಭೌತವಿಜ್ಞಾನವು ರುಚಿಸದಿರಲಾರದು.

ಬೀಳುವವನ ವೇಗ

ಕೈಬಿಟ್ಟ ಕಲ್ಲು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ೯.೮ ಮೀಟರಿನಷ್ಟು ವೇಗವನ್ನು ಗಳಿಸುತ್ತ ಹೋಗುವುದೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಗಾಳಿಯಿಲ್ಲದಿದ್ದರೆ ಈ ಲೆಕ್ಕವು ನಿಜ. ಗಾಳಿಯಿರುವುದರಿಂದ ಬೀಳುವ ವಸ್ತುವಿಗೆ ತಡೆಯುಂಟಾಗುತ್ತದೆ. ಈ ತಡೆಯು ವೇಗದ ವರ್ಗದೊಡನೆ ಹೆಚ್ಚುವುದು: ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ಆದುದರಿಂದ ಬೀಳುವವನ ವೇಗ ಏರುತ್ತ ಏರುತ್ತ ಒಂದು ಹಂತದಲ್ಲಿ ಗಾಳಿಯ ತಡೆಯು ಅವನ ತೂಕಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ವೇಗ ಏರದು. ಇದಕ್ಕೆ ಅಂತಿಮ ವೇಗವೆನ್ನುತ್ತಾರೆ. ಹೊಟ್ಟೆಯನ್ನು ನೆಲದ ಕಡೆಗೆ ಮಾಡಿ ಕೈಕಾಲುಗಳನ್ನು ಚಾಚಿ ಬೀಳುವ ಮನುಷ್ಯನು ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಈ ವೇಗವನ್ನು ಮುಟ್ಟುತ್ತಾನೆ. ಅದು ಗಂಟೆಗೆ ಸುಮಾರು ೧೯೦ ಕಿಲೋಮೀಟರ್. ತಲೆ ಕೆಳಗಾಗಿ ನೆಟ್ಟಗೆ ಬಿದ್ದರೆ ಇನ್ನೂ ಬಹಳ ಹೆಚ್ಚು.

ವೇಗವನ್ನು ಗೊತ್ತುಮಾಡುವ ಅಂಶಗಳಲ್ಲಿ ಮುಖ್ಯವಾದವು ಬೀಳುವವನ ತೂಕ, ಗಾಳಿಗೆ ಎದುರಾಗುವ ಅವನ ಮೈಯ ವಿಸ್ತೀರ್ಣ ಮತ್ತು ಗಾಳಿಯ ಸಾಂದ್ರತೆ. ಇದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಕಡಲೆಕಾಯಿ ಮಾರುವವನು ಸುತ್ತಿಕೊಡುವಂತಹ ಕಾಗದದ ಪೊಟ್ಟಣಗಳನ್ನು ಒಂದೇ ಅಳತೆಯಲ್ಲಿ ಐದು ಮಾಡಿಕೊಳ್ಳಿರಿ. ಬಾಯಿ ಸ್ವಲ್ಪ ಅಗಲವಾಗಿರಲಿ. ನಾಲ್ಕನ್ನು ಒಂದರೊಳಗೊಂದು ಸೇರಿಸಿ ಒಂದು ಕೈಯಲ್ಲಿಯೂ ಉಳಿದ ಒಂದನ್ನು ಇನ್ನೊಂದು ಕೈಯಲ್ಲಿಯೂ ಚೂಪು ತುದಿ ಕೆಳಗಾಗುವಂತೆ ಹಿಡಿಯಿರಿ. ನಾಲ್ಕರ ಕಟ್ಟನ್ನು ಎರಡು ಮೀಟರ್ ಎತ್ತರದಿಂದಲೂ ಒಂಟಿ ಪೊಟ್ಟಣವನ್ನು ಒಂದು ಮೀಟರ್ ಎತ್ತರದಿಂದಲೂ ಒಮ್ಮೆಗೇ ಬಿಟ್ಟರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ನೆಲಕ್ಕೆ ತಾಕುತ್ತವೆ. ಆಕಾರವೂ ವಿಸ್ತೀರ್ಣವೂ ಒಂದೇ. ತೂಕ ಮಾತ್ರ ನಾಲ್ಕರಷ್ಟು. ವೇಗವಾದರೋ ನಾಲ್ಕರಷ್ಟಾಗದೆ ಎರಡರಷ್ಟಾಯಿತು. ನಾಲ್ಕರ ವರ್ಗಮೂಲ ಎರಡು ತಾನೆ! ಅಂತಿಮ ವೇಗವು ತೂಕವನ್ನು ವಿಸ್ತೀರ್ಣದಿಂದಲೂ ಸಾಂದ್ರತೆಯಿಂದಲೂ ಭಾಗಿಸಿ ಬಂದ ಲಬ್ಧದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆಂಬ ನಿಯಮವನ್ನು ಐದು ಕಾಗದದ ಪೊಟ್ಟಣಗಳು ಹೀಗೆ ತೋರಿಸಿಕೊಡುತ್ತವೆ.

ಸಾಂದ್ರತೆಯ ವಿಷಯವನ್ನೂ ಇಲ್ಲಿಯೇ ಮುಗಿಸಿಬಿಡೋಣ. ೪,೦೦೦ ಮೀಟರ್ ಎತ್ತರದಲ್ಲಿ ಗಾಳಿಯು ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ ಸಾಂದ್ರವಾಗಿದೆ. ಆದಕಾರಣ ಅದೇ ಮನುಷ್ಯ, ಅದೇ ಉಡುಪು, ಅದೇ ಭಂಗಿಯಾದರೂ ಮೇಲ್ಗಡೆ ಬೀಳುವ ವೇಗ ಹೆಚ್ಚು, ಕೆಳಗೆ ಬಂದಂತೆ ಕಡಿಮೆ. ೪,೦೦೦ದಿಂದ ೧,೫೦೦ ಮೀಟರಿಗೆ ಇಳಿಯುವಷ್ಟರಲ್ಲಿ ಅಂತಿಮ ವೇಗವು ನೂರಕ್ಕೆ ಸುಮಾರು ಹನ್ನೆರಡರಷ್ಟು ತಗ್ಗಿರುತ್ತದೆ. ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಧುಮುಕುವವರು, ಕಡಲತೀರದಲ್ಲಿ ನೆಲದಿಂದ ಅಷ್ಟೇ ಎತ್ತರದಲ್ಲಿ ಧುಮುಕುವವರಿಗಿಂತ ನೂರಕ್ಕೆ ಮೂರು ನಾಲ್ಕರಷ್ಟು ಬೇಗನೆ ಬೀಳುತ್ತಾರೆ. ಬೇರೊಂದು ಊರಿನವರ ವೇಗದ ಅಂಕಿಯನ್ನು ತಂದು ಅದಕ್ಕೆ ತಕ್ಕಂತೆ ಉಡುಪನ್ನು ಹೊಲಿಸಿಕೊಳ್ಳುವವರು ಇದನ್ನು ನೆನಪಿಡುವುದು ಮೇಲು.

ಅಣ್ಣನೂ ತಂಗಿಯೂ

ಈಗ ಒಂದು ಕಾಲ್ಪನಿಕ ನಿದರ್ಶನವನ್ನು ತೆಗೆದುಕೊಳ್ಳೋಣ. ಸ್ಥೂಲಕಾಯನಾದ ಅಣ್ಣ, ಕೃಶಾಂಗಿಯಾದ ತಂಗಿ ಇಬ್ಬರೂ ಈ ವಿದ್ಯೆಯನ್ನು ಕಲಿತು ಒಟ್ಟಿಗೆ ಧುಮುಕಿ ಆಕಾಶದಲ್ಲಿ ಕೈಕೈ ಹಿಡಿಯಬೇಕೆಂದು ಬಯಸಿದ್ದಾರೆ. ಪ್ಯಾರಾಚೂಟು ಮೊದಲಾದ ಸರಂಜಾಮೂ ಸೇರಿ ಅಣ್ಣನ ತೂಕ ೯೦ ಕಿಲೋಗ್ರಾಂ, ತಂಗಿಯದು ೬೦. ಗಾಳಿಗೆ ಎದುರಾಗುವ ವಿಸ್ತೀರ್ಣ ಅಣ್ಣನದು ೦.೭ ಚದರ ಮೀಟರ್, ತಂಗಿಯದು ೦.೬ ಎಂದಿರಲಿ. ತೂಕದಲ್ಲಿ ಅಷ್ಟೊಂದು ಅಂತರವಿದ್ದೂ ವಿಸ್ತೀರ್ಣದಲ್ಲಿ ಇಷ್ಟು ಸ್ವಲ್ಪವೇ ಅಂತರವೇಕೆಂದು ಕೇಳಬಹುದು. ಗಾತ್ರವು ಅಳತೆಯ ಘನದಂತೆ ಬೆಳೆದರೆ ಮೈಯ ಹರವು ವರ್ಗದಂತೆ ಮಾತ್ರ ಬೆಳೆಯುತ್ತದೆ. ದಪ್ಪನೆಯವರು ಬೇಗನೆ ಬೀಳುವುದು ಇದರಿಂದಲೇ. ೨,೦೦೦ ಮೀಟರ್ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು ಒಂದು ಕಿಲೋಗ್ರಾಂ. ಆಕಾರಕ್ಕೆ ಸಂಬಂಧಿಸಿದ ಗುಣಾಂಕವನ್ನು ಇಬ್ಬರಿಗೂ ಒಂದು ಎಂದಿಟ್ಟುಕೊಂಡು ಲೆಕ್ಕಹಾಕಿದರೆ ಅಣ್ಣನ ಅಂತಿಮ ವೇಗವು ಸೆಕೆಂಡಿಗೆ ೫೦ ಮೀಟರ್, ತಂಗಿಯದು ೪೪ ಮೀಟರ್.

ಆರು ಮೀಟರ್ ಎಂದರೆ ಅಲ್ಪವೆಂದು ಬಗೆಯಬಾರದು. ಹತ್ತು ಸೆಕೆಂಡುಗಳಲ್ಲಿ ಇಬ್ಬರ ನಡುವೆ ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು ಅಂತರವಾಯಿತು. ತಂಗಿ ಮೇಲೆ ತೇಲುತ್ತಿದ್ದಾಳೆ. ಅಣ್ಣ ಕೆಳಗೆ ಚುಕ್ಕೆಯಾಗಿದ್ದಾನೆ. ಕೈಹಿಡಿಯುವ ಮಾತೆಲ್ಲಿ ಬಂತು?

ನುರಿತವರು ಈ ಅಂತರವನ್ನು ಮೈಯ ಭಂಗಿಯಿಂದ ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತಾರೆ. ಸೊಂಟವನ್ನು ಮುಂದಕ್ಕೆ ನೂಕಿ ಮೈಯನ್ನು ಬಿಲ್ಲಿನಂತೆ ಬಾಗಿಸಿದರೆ ಗಾಳಿ ಪಕ್ಕಗಳಿಂದ ಜಾರಿಹೋಗಿ ವೇಗ ಹೆಚ್ಚುತ್ತದೆ. ಎದೆಯನ್ನು ಒಳಕ್ಕೆ ಎಳೆದುಕೊಂಡು ಕೈಕಾಲುಗಳನ್ನು ಚಾಚಿ ಬೋಗುಣಿಯಂತಾದರೆ ವೇಗ ತಗ್ಗುತ್ತದೆ. ಆದರೆ ಹೊಸಬರಿಗೆ ನೇರವಾಗಿ, ತಿರುಗದೆ, ಗಾಬರಿಗೊಳ್ಳದೆ ಬೀಳುವುದೇ ಸಾಕಷ್ಟು ಕೆಲಸ. ಒಂದು ನಿಮಿಷವಿಡೀ ಬೋಗುಣಿಯಾಗಿ ಹಿಡಿದುಕೊಂಡಿರುವವನು ಬೇರೇನನ್ನೂ ಕಲಿಯಲಾರ. ಇಲ್ಲಿಯೇ ಉಡುಪು ನೆರವಿಗೆ ಬರುತ್ತದೆ. ಅಣ್ಣನಿಗೆ ಸಡಿಲವಾದ, ಒರಟು ಮೈಯ ಉಡುಪನ್ನು ಹೊಲಿಸಿ ಗಾಳಿಯ ತಡೆಯನ್ನು ನೂರಕ್ಕೆ ಹದಿನೈದರಷ್ಟು ಹೆಚ್ಚಿಸಿದೆವೆನ್ನಿರಿ. ಅವನ ವೇಗ ೪೭ ಮೀಟರಿಗೆ ಇಳಿಯುತ್ತದೆ. ತಂಗಿಗೆ ಮೈಗೆ ಅಂಟಿದಂತಿರುವ ನುಣುಪಾದ ಉಡುಪನ್ನು ತೊಡಿಸಿ ತಡೆಯನ್ನು ನೂರಕ್ಕೆ ಎಂಟರಷ್ಟು ತಗ್ಗಿಸಿದರೆ ಅವಳ ವೇಗ ೪೬ ಮೀಟರಿಗೆ ಏರುತ್ತದೆ. ಉಳಿದ ಒಂದು ಮೀಟರನ್ನು ಭಂಗಿಯೇ ನೋಡಿಕೊಳ್ಳುತ್ತದೆ. ಬಟ್ಟೆಯ ನಾಲ್ಕು ಅಂಗುಲ ಅಗಲದಲ್ಲಿ ಇಷ್ಟು ವ್ಯತ್ಯಾಸ!

ಇದು ಕೇವಲ ಕೈಹಿಡಿಯುವ ಆಟದ ಮಾತಲ್ಲ. ಗುಂಪಾಗಿ ಧುಮುಕಿದವರು ಪ್ಯಾರಾಚೂಟನ್ನು ಬಿಚ್ಚುವ ಮುನ್ನ ಒಬ್ಬರಿಂದೊಬ್ಬರು ದೂರ ಸರಿಯಲೇಬೇಕು. ಬಿಚ್ಚಿದ ಕೆಲವೇ ಸೆಕೆಂಡುಗಳಲ್ಲಿ ವೇಗವು ೫೦ ಮೀಟರಿನಿಂದ ಐದಾರು ಮೀಟರಿಗೆ ಇಳಿದುಬಿಡುತ್ತದೆ. ಗುಂಪಿಗಿಂತ ಬೇಗನೆ ಬಿದ್ದು ಎಲ್ಲರ ಕೆಳಗೆ ಸೇರಿಕೊಂಡವನು, ಮೇಲೆ ಯಾರಿದ್ದಾರೆಂದು ಕಾಣದೆ ತನ್ನ ಪ್ಯಾರಾಚೂಟನ್ನು ಬಿಚ್ಚಿದನೆಂದರೆ, ನೇರ ಮೇಲಿರುವವನು ಸೆಕೆಂಡಿಗೆ ೫೦ ಮೀಟರ್ ವೇಗದಲ್ಲಿ ಅವನ ಮೇಲೆಯೇ ಬಂದು ಬೀಳುವ ಅಪಾಯವಿದೆ. ಇಬ್ಬರೂ ಉಳಿಯುವುದು ಕಷ್ಟ. ಉಡುಪಿನ ಅಳತೆಯು ಸೊಗಸಿನ ವಿಷಯವಲ್ಲವೆಂದು ಬೋಧಕರು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಯಾವಾಗ ಕೊಳ್ಳಬೇಕು?

ಕಲಿಯಲು ಸೇರಿದ ಮೊದಲ ವಾರದಲ್ಲಿಯೇ ಉಡುಪನ್ನು ಕೊಳ್ಳುವ ಆತುರ ಅನೇಕರಿಗೆ. ಕೊಳ್ಳಕೂಡದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಶಿಕ್ಷಣಶಾಲೆಗಳು ವಿದ್ಯಾರ್ಥಿಗಳಿಗೆ ತಮ್ಮದೇ ಉಡುಪುಗಳನ್ನು ಕೊಡುತ್ತವೆ. ಅವು ಮಾಸಿರಬಹುದು, ಮೈಗೆ ಸರಿಯಾಗಿ ಹೊಂದದಿರಬಹುದು. ಆದರೂ ಕಲಿಕೆಗೆ ಅವು ಸಾಕು. ವಿದ್ಯಾರ್ಥಿಯ ಭಂಗಿಯು ಮೊದಲ ಹತ್ತು ಹದಿನೈದು ಧುಮುಕುಗಳಲ್ಲಿ ಪ್ರತಿ ಸಲವೂ ಬದಲಾಗುತ್ತದೆ. ಮೊದಮೊದಲು ಮೈ ಮರಗಟ್ಟಿದಂತೆ ಬಿಗಿದಿರುತ್ತದೆ; ಬಳಿಕ ಸಡಿಲಗೊಂಡು ಸಹಜವಾಗಿ ಬಾಗುತ್ತದೆ. ಬಿಗಿದ ಮೈಯ ವೇಗಕ್ಕೆ ತಕ್ಕಂತೆ ಹೊಲಿಸಿದ ಉಡುಪು ಸಡಿಲವಾದ ಮೈಗೆ ಒಪ್ಪದು.

ಅಮೆರಿಕದ ಪ್ಯಾರಾಚೂಟ್ ಸಂಘವು ಕನಿಷ್ಠ ೨೫ ಸಲ ಧುಮುಕಿದವರಿಗೆ ತನ್ನ ಮೊದಲನೆಯ ದರ್ಜೆಯ ಲೈಸೆನ್ಸನ್ನು ಕೊಡುತ್ತದೆ. ಆ ಹೊತ್ತಿಗೆ ಅಭ್ಯಾಸಿಯ ನಿಜವಾದ ವೇಗವೆಷ್ಟೆಂದು ಬೋಧಕರಿಗೂ ತಿಳಿದಿರುತ್ತದೆ, ಅವನಿಗೂ ತಿಳಿದಿರುತ್ತದೆ. ಅವನು ಗುಂಪಿನೊಡನೆ ಹೊಟ್ಟೆ ಕೆಳಗಾಗಿ ಆಕೃತಿಗಳನ್ನು ರಚಿಸುವ ಕಡೆಗೆ ಒಲಿದಿದ್ದಾನೆಯೆ, ಕುಳಿತಂತೆ ಅಥವಾ ತಲೆಕೆಳಗಾಗಿ ಬೀಳುವ ವಿದ್ಯೆಯ ಕಡೆಗೆ ಒಲಿದಿದ್ದಾನೆಯೆ ಎಂಬುದೂ ಸ್ಪಷ್ಟವಾಗತೊಡಗುತ್ತದೆ. ಈ ಎರಡಕ್ಕೂ ಉಡುಪುಗಳು ಬೇರೆ ಬೇರೆ. ಮೊದಲನೆಯದಕ್ಕೆ ಜೊತೆಗಾರರು ಹಿಡಿದುಕೊಳ್ಳಲು ತೋಳಿಗೂ ತೊಡೆಗೂ ದಪ್ಪ ಹಿಡಿಗಳನ್ನು ಹೊಲಿದಿರುತ್ತಾರೆ. ಎರಡನೆಯದರಲ್ಲಿ ಅಂತಹ ಹಿಡಿಗಳಿರುವುದಿಲ್ಲ.

ಬಟ್ಟೆ

ಜಂಪ್‌ಸೂಟಿಗೆ ಮುಖ್ಯವಾಗಿ ಎರಡು ಬಗೆಯ ಬಟ್ಟೆಗಳನ್ನು ಬಳಸುತ್ತಾರೆ. ಹತ್ತಿಯೂ ಪಾಲಿಯೆಸ್ಟರೂ ಬೆರೆತ ದಪ್ಪ ನೇಯ್ಗೆಯದು ಒಂದು, ನೈಲಾನ್ ಇನ್ನೊಂದು. ಬೆರಕೆ ಬಟ್ಟೆಯ ಮೈ ಒರಟು, ಗಾಳಿಯನ್ನು ಹೆಚ್ಚಾಗಿ ಹಿಡಿಯುತ್ತದೆ. ನೈಲಾನ್ ನುಣುಪಾದುದರಿಂದ ಗಾಳಿ ಅದರ ಮೇಲೆ ಜಾರುತ್ತದೆ. ಇವೆರಡರ ಜೊತೆಗೆ ರಬ್ಬರಿನಂತೆ ಹಿಗ್ಗುವ ಸ್ಪ್ಯಾಂಡೆಕ್ಸ್ ಬಟ್ಟೆಯನ್ನು ಪಕ್ಕಗಳಲ್ಲಿಯೂ ಬೆನ್ನಿನಲ್ಲಿಯೂ ಪಟ್ಟಿಗಳಾಗಿ ಸೇರಿಸುವುದುಂಟು. ಭಾರವಾದವರಿಗೆ ಬೆರಕೆ ಬಟ್ಟೆಯ ಸಡಿಲ ಉಡುಪು, ಹಗುರಾದವರಿಗೆ ನೈಲಾನಿನ ಬಿಗಿ ಉಡುಪು ಎಂಬುದು ಸ್ಥೂಲವಾದ ನಿಯಮ. ನಡುವಣ ಮೈಕಟ್ಟಿನವರು ತೀರ ಸಡಿಲವೂ ಅಲ್ಲದ ತೀರ ಬಿಗಿಯೂ ಅಲ್ಲದ ಉಡುಪನ್ನು ಆರಿಸಿದರೆ ಸಾಕು. ಹೆಚ್ಚಿನ ಚಿಂತೆ ಬೇಡ.

ತೀರ ಹಗುರಾದವರಿಗೆ ಬಿಗಿ ಉಡುಪು ಕೂಡ ಸಾಲದಾಗುತ್ತದೆ. ಅವರು ಸೀಸದ ತೂಕವಿಟ್ಟ ನಡುಪಟ್ಟಿಯನ್ನೋ ಒಳ ಅಂಗಿಯನ್ನೋ ತೊಟ್ಟು ತಮ್ಮ ತೂಕವನ್ನು ಹೆಚ್ಚಿಸಿಕೊಳ್ಳುತ್ತಾರೆ. ಹೀಗೆ ಕೂಡಿಸಿದ ತೂಕವನ್ನು ಪ್ಯಾರಾಚೂಟು ಕೂಡ ಹೊರಬೇಕೆಂಬುದನ್ನು ಮರೆಯಬಾರದು. ಅದೇ ಪ್ಯಾರಾಚೂಟಿಗೆ ಹೆಚ್ಚು ತೂಕವನ್ನು ಹೊರಿಸಿದರೆ ನೆಲಕ್ಕಿಳಿಯುವ ವೇಗವೂ ಹೆಚ್ಚುತ್ತದೆ. ಬೋಧಕರನ್ನು ಕೇಳದೆ ಈ ಕೆಲಸಕ್ಕೆ ಕೈಹಾಕಬಾರದು.

ಮೊಣಕಾಲಿಗೂ ಕುಳಿತುಕೊಳ್ಳುವ ಭಾಗಕ್ಕೂ ಕಾರ್ಡೂರಾ ಎಂಬ ಗಟ್ಟಿ ನೈಲಾನಿನ ತೇಪೆಯನ್ನು ಹಾಕಿಸುವುದು ವ್ಯರ್ಥ ಖರ್ಚಲ್ಲ. ಹೊಸಬರು ಕಾಲೂರಿ ಇಳಿಯುವುದಕ್ಕಿಂತ ನೆಲದ ಮೇಲೆ ಜಾರಿ ಕೂರುವುದೇ ಹೆಚ್ಚು.

ಉಡುಪಿನ ಎರಡು ಪಕ್ಕಗಳೂ ಒಂದೇ ಸಮನಾಗಿರಬೇಕೆಂಬುದು ಹೊಸಬರು ಗಮನಿಸದ ಒಂದು ಅಂಶ. ಎಡತೋಳು ಅಗಲವಾಗಿಯೂ ಬಲತೋಳು ಕಿರಿದಾಗಿಯೂ ಇದ್ದರೆ ಎಡಗಡೆ ಗಾಳಿಯ ತಡೆ ಹೆಚ್ಚಾಗಿ ಮೈ ತಿರುಗತೊಡಗುತ್ತದೆ. ಸೈಕಲ್ಲಿನ ಒಂದು ಕಡೆಗೆ ಮಾತ್ರ ಚೀಲ ತೂಗಿಹಾಕಿದಾಗ ಆಗುವ ಪಾಡನ್ನು ನೆನೆಸಿಕೊಳ್ಳಿರಿ. ಕೆಳಗಿರುವ ಹೊಲಗದ್ದೆಗಳು ಬುಗುರಿಯಂತೆ ಸುತ್ತತೊಡಗಿದರೆ ತನ್ನ ಭಂಗಿಯಲ್ಲಿ ಏನೋ ತಪ್ಪಿದೆಯೆಂದು ಬಗೆದು ವಿದ್ಯಾರ್ಥಿ ಕಂಗೆಡುತ್ತಾನೆ. ತಪ್ಪು ಹೊಲಿಗೆಯದಾಗಿರಬಹುದು. ಒಂದು ತೋಳಿನ ಎಲಾಸ್ಟಿಕ್ಕು ಸೋತು ಮಣಿಕಟ್ಟಿನಲ್ಲಿ ಗಾಳಿ ಹೊಕ್ಕರೂ ಹೀಗಾಗಬಹುದು. ಹಳೆಯ ಉಡುಪನ್ನು ಕೊಳ್ಳುವವರು ಮೊದಲು ಇದನ್ನೇ ನೋಡಬೇಕು. ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ; ಆದರೆ ಹಿಂದಿನ ಒಡೆಯನ ಎತ್ತರವನ್ನಷ್ಟೇ ಅಲ್ಲ, ತೂಕವನ್ನೂ ವಿಚಾರಿಸಬೇಕು. ಆ ಉಡುಪನ್ನು ಹೊಲಿಸಿದ್ದು ಅವನ ವೇಗಕ್ಕಾಗಿ, ನಮ್ಮ ವೇಗಕ್ಕಾಗಿ ಅಲ್ಲ.

ಹಿಡಿಗಳು ಕೈಗೆ ಸಿಗಬೇಕು

ಎಲ್ಲಕ್ಕಿಂತ ಮಿಗಿಲಾದ ವಿಷಯಕ್ಕೆ ಈಗ ಬರೋಣ. ಇಂದಿನ ಕ್ರೀಡಾ ಪ್ಯಾರಾಚೂಟುಗಳ ಚೀಲದಲ್ಲಿ ಎರಡು ಪ್ಯಾರಾಚೂಟುಗಳಿರುತ್ತವೆ. ಮುಖ್ಯವಾದುದನ್ನು ಬಿಚ್ಚುವ ಹಿಡಿಯು ಸಾಮಾನ್ಯವಾಗಿ ಚೀಲದ ತಳದಲ್ಲಿ, ಸೊಂಟದ ಹಿಂದೆ ಬಲಗೈಗೆ ನಿಲುಕುವಂತೆ ಇರುತ್ತದೆ. ಅದು ಕೆಟ್ಟರೆ ಕಳಚಿಹಾಕುವ ಹಿಡಿ ಎದೆಯ ಬಲಗಡೆಗೂ, ಆಪತ್ಕಾಲದ ಪ್ಯಾರಾಚೂಟಿನ ಹಿಡಿ ಎಡಗಡೆಗೂ ಇರುತ್ತವೆ. ಸೊಂಟದ ಹಿಂದಿನ ಹಿಡಿಯು ಕಣ್ಣಿಗೆ ಕಾಣದು. ಗಾಳಿಯಲ್ಲಿ ಬೀಳುತ್ತಿರುವಾಗ ಕೈ ಅದನ್ನು ಸ್ಪರ್ಶದಿಂದಲೇ ಹುಡುಕಬೇಕು.

ಉಡುಪಿನ ಬೆನ್ನು ತೀರ ಸಡಿಲವಾಗಿದ್ದರೆ ಗಾಳಿಗೆ ಉಬ್ಬಿದ ಬಟ್ಟೆಯು ಆ ಹಿಡಿಯ ಮೇಲೆ ಮುಚ್ಚಿಕೊಳ್ಳಬಹುದು. ಬೆರಳುಗಳಿಗೆ ಹಿಡಿಯ ಬದಲು ಬಟ್ಟೆ ಸಿಕ್ಕುತ್ತದೆ. ಎಳೆದರೂ ಏನೂ ಆಗದು. ಎರಡು ಸೆಕೆಂಡು ತಡಕಾಡಿದರೆ ನೂರು ಮೀಟರ್ ಕಳೆದುಹೋಯಿತು. ಮೇಲೆ ಹೇಳಿದ ಸಂಘದ ನಿಯಮದಂತೆ ಮೊದಲ ದರ್ಜೆಯವರು ನೆಲದಿಂದ ೩,೦೦೦ ಅಡಿಗೆ, ಎಂದರೆ ೯೦೦ ಮೀಟರಿಗಿಂತ ಕೆಳಗೆ ಬರುವ ಮುನ್ನವೇ ಪ್ಯಾರಾಚೂಟನ್ನು ಬಿಚ್ಚಬೇಕು. ಆ ಎತ್ತರದಿಂದ ನೆಲಕ್ಕೆ ಉಳಿದಿರುವುದು ಹದಿನೆಂಟು ಸೆಕೆಂಡು ಮಾತ್ರ. ಉಡುಪಿನ ಮೇಲೆ ಸ್ವೆಟರನ್ನೋ ಕೋಟನ್ನೋ ತೊಡುವುದು ಇದೇ ಕಾರಣದಿಂದ ಅಪಾಯಕರ: ಕೆಳಗಿನಿಂದ ನುಗ್ಗುವ ಗಾಳಿಯು ಅಂಚನ್ನು ಎತ್ತಿ ಎದೆಯ ಎರಡು ಹಿಡಿಗಳನ್ನೂ ಮುಚ್ಚಿಬಿಡುತ್ತದೆ. ಚಳಿಗಾಗಿ ತೊಡುವ ಬಟ್ಟೆ ಏನಿದ್ದರೂ ಉಡುಪಿನ ಒಳಗಿರಬೇಕು. ಚಳಿಯಂತೂ ಇದ್ದೇ ಇರುತ್ತದೆ. ಒಂದು ಕಿಲೋಮೀಟರ್ ಏರಿದರೆ ಉಷ್ಣತೆಯು ಸುಮಾರು ಆರೂವರೆ ಡಿಗ್ರಿಯಷ್ಟು ಇಳಿಯುವುದರಿಂದ, ನೆಲದಲ್ಲಿ ೩೦ ಡಿಗ್ರಿ ಸೆಕೆಯಿದ್ದ ದಿನವೂ ೪,೦೦೦ ಮೀಟರ್ ಮೇಲೆ ಮಂಜುಗಟ್ಟುವುದಕ್ಕೆ ನಾಲ್ಕೈದು ಡಿಗ್ರಿ ಮಾತ್ರ ಬಾಕಿ. ಆದುದರಿಂದ ಅಳತೆ ಕೊಡುವಾಗಲೇ ಒಳಗೆ ಒಂದು ಬೆಚ್ಚನೆಯ ಅಂಗಿಯನ್ನು ತೊಟ್ಟು ಕೊಡುವುದು ಜಾಣತನ.

ತೀರ ಬಿಗಿಯೂ ತರವಲ್ಲ. ಕತ್ತಿನಿಂದ ಕವೆಯವರೆಗಿನ ಉದ್ದ ಕಡಿಮೆಯಾದರೆ ಎರಡು ತೊಂದರೆಗಳುಂಟು. ಮೈಯನ್ನು ಬಿಲ್ಲಿನಂತೆ ಬಾಗಿಸಲು ಬಟ್ಟೆ ಬಿಡುವುದಿಲ್ಲ. ಈ ಬಾಗೇ ಸ್ಥಿರವಾಗಿ ಬೀಳುವುದರ ಗುಟ್ಟು. ಪ್ಯಾರಾಚೂಟು ಬಿಚ್ಚಿದ ಮೇಲೆ ತಲೆಯ ಮೇಲಿರುವ ಚಾಲನದ ಹಗ್ಗಗಳನ್ನು ಹಿಡಿಯಲು ಎರಡು ಕೈಗಳನ್ನೂ ಪೂರ್ತಿ ಎತ್ತಬೇಕು. ಆಗಲೂ ಬಟ್ಟೆ ಜಗ್ಗುತ್ತದೆ. ಹೊಸ ಉಡುಪು ಬಂದ ಕೂಡಲೆ ಕನ್ನಡಿಯ ಮುಂದೆ ನಿಲ್ಲುವುದರ ಬದಲು ಪ್ಯಾರಾಚೂಟಿನ ಚೀಲವನ್ನು ಬಿಗಿದು ನೆಲದ ಮೇಲೆ ಬೋರಲಾಗಿ ಮಲಗಿರಿ. ಎದೆಯನ್ನೂ ಮೊಣಕಾಲುಗಳನ್ನೂ ನೆಲದಿಂದ ಎತ್ತಿರಿ. ಕಣ್ಣು ಮುಚ್ಚಿ ಮೂರು ಹಿಡಿಗಳನ್ನೂ ಒಂದಾದ ಮೇಲೊಂದರಂತೆ ಮುಟ್ಟಿರಿ. ಹತ್ತು ಸಲ ಮುಟ್ಟಿದರೆ ಹತ್ತು ಸಲವೂ ಕೈ ನೇರವಾಗಿ ಹಿಡಿಗೆ ಹೋಗಬೇಕು. ಒಂಬತ್ತು ಸಲ ಹೋದರೆ ಆ ಉಡುಪು ದರ್ಜಿಗೆ ಹಿಂದಿರುಗತಕ್ಕದ್ದು.

ಕಾಲುಚೀಲವೂ ರೆಕ್ಕೆಯೂ

ಗುಂಪಾಗಿ ಆಕೃತಿ ರಚಿಸುವವರ ಉಡುಪುಗಳಲ್ಲಿ ಪ್ಯಾಂಟಿನ ತುದಿಯು ಬೂಟಿನ ಮೇಲೆ ಚೀಲದಂತೆ ಇಳಿದು ಪಾದವನ್ನು ಮುಚ್ಚುವುದುಂಟು. ಇದಕ್ಕೆ ಬೂಟಿ ಎನ್ನುತ್ತಾರೆ. ಇದರಿಂದ ಮೊಣಕಾಲಿನ ಕೆಳಭಾಗದ ವಿಸ್ತೀರ್ಣ ಹೆಚ್ಚಿ, ಕಾಲನ್ನು ತುಸು ಚಾಚಿದ ಮಾತ್ರಕ್ಕೆ ಮೈ ಮುಂದಕ್ಕೆ ಧಾವಿಸುತ್ತದೆ. ನುರಿತವರಿಗೆ ಇದೊಂದು ವರ. ಹೊಸಬರು ಮಾತ್ರ ಕಾಲಿನ ಕಡೆ ಗಮನವಿಲ್ಲದೆ ಚಾಚಿಬಿಟ್ಟು ಜೊತೆಗಾರರಿಗೆ ಗುದ್ದುತ್ತಾರೆ. ಇಳಿದ ಮೇಲೆ ಒದ್ದೆ ಹುಲ್ಲಿನಲ್ಲಿ ಬೂಟಿಯ ತಳ ಜಾರುವುದೂ ಉಂಟು. ಮೊದಲ ಉಡುಪಿನಲ್ಲಿ ಬೂಟಿಯಿರಲಿ ಎನ್ನುವ ಬೋಧಕರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಹೇಗೂ ಮುಂದೆ ಅದನ್ನು ಕಲಿಯಲೇಬೇಕಲ್ಲ ಎಂಬುದು ಮೊದಲನೆಯವರ ವಾದ. ನಾವು ಎರಡನೆಯವರ ಪಕ್ಷ. ಮೊದಲ ನೂರು ಸಲ ಬರಿಯ ಬೂಟುಗಾಲಿನಲ್ಲಿಯೇ ಧುಮುಕಿ ಕಾಲಿನ ಇರವನ್ನು ಅರಿತವನಿಗೆ ಬೂಟಿಯ ಪ್ರಯೋಜನ ಚೆನ್ನಾಗಿ ತಿಳಿಯುತ್ತದೆ.

ರೆಕ್ಕೆಯುಡುಪಿನ ವಿಷಯದಲ್ಲಿ ಎರಡು ಪಕ್ಷಗಳಿಲ್ಲ. ತೋಳಿಗೂ ಮೈಗೂ ನಡುವೆ, ಕಾಲುಗಳ ನಡುವೆ ಬಟ್ಟೆಯನ್ನು ಹೊಲಿದು ಬಾವಲಿಯಂತೆ ಹಾರುವ ಆಸೆ ಹಳೆಯದು. ಅಮೆರಿಕದ ಕ್ಲೆಮ್ ಸೋನ್ ಎಂಬಾತನು ಅಂತಹ ಬಟ್ಟೆಯ ರೆಕ್ಕೆಗಳನ್ನು ತೊಟ್ಟು ಅನೇಕ ಪ್ರದರ್ಶನಗಳನ್ನು ಕೊಟ್ಟು, ೧೯೩೭ರ ಏಪ್ರಿಲಿನಲ್ಲಿ ಫ್ರಾನ್ಸಿನ ವ್ಯಾನ್ಸೆನ್ನಿನಲ್ಲಿ ಪ್ಯಾರಾಚೂಟು ಸರಿಯಾಗಿ ಬಿಚ್ಚಿಕೊಳ್ಳದೆ ಮಡಿದನು. ಕೈಕಾಲು ಚಾಚಿ ಸ್ಥಿರವಾಗಿ ಬೀಳುವ ಭಂಗಿಯನ್ನು ಬೆಳಸಿ ಜಗತ್ತಿಗೆ ಉಪಕಾರ ಮಾಡಿದ ಫ್ರಾನ್ಸಿನ ಲಿಯೋ ವಾಲೆಂತ್ಯಾಂ ಕೂಡ ೧೯೫೬ರ ಮೇ ೨೧ರಂದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಮರದ ರೆಕ್ಕೆಗಳೊಡನೆ ಧುಮುಕಿ ಅಸುನೀಗಿದನು. ಇಂದಿನ ರೆಕ್ಕೆಯುಡುಪು ೧೯೯೦ರ ದಶಕದಲ್ಲಿ ಫ್ರಾನ್ಸಿನ ಪಾತ್ರಿಕ್ ದ ಗಯಾರ್ದೋನನ ಪ್ರಯೋಗಗಳಿಂದ ರೂಪುಗೊಂಡಿತು. ಅವನೂ ೧೯೯೮ರಲ್ಲಿ ಹವಾಯಿಯಲ್ಲಿ ಧುಮುಕುವಾಗಲೇ ತೀರಿಕೊಂಡನು. ಇವರಲ್ಲಿ ಯಾರೂ ಅರಿಯದವರಲ್ಲ, ಅಂಜುಬುರುಕರಲ್ಲ. ಅಮೆರಿಕದ ಸಂಘವು ೨೦೦ ಸಲ ಧುಮುಕಿದ ಅನುಭವವಿಲ್ಲದವರು ರೆಕ್ಕೆಯುಡುಪನ್ನು ತೊಡಕೂಡದೆಂದು ಗೊತ್ತುಮಾಡಿದೆ.

ರೆಕ್ಕೆಯುಡುಪಿನ ವಿಷಯದಲ್ಲಿ ಕುತೂಹಲಕರವಾದ ಇನ್ನೊಂದು ಅಂಶವೂ ಉಂಟು. ಬಹುಮಂದಿಯ ಚೀಲದಲ್ಲಿ ಸ್ವಯಂಚಾಲಿತವಾದ ಒಂದು ಚಿಕ್ಕ ಯಂತ್ರವಿರುತ್ತದೆ. ಗಾಳಿಯ ಒತ್ತಡದಿಂದ ಎತ್ತರವನ್ನೂ ವೇಗವನ್ನೂ ಅಳೆಯುತ್ತ, ಧುಮುಕಿದವನು ಮೂರ್ಛೆಹೋಗಿಯೋ ಮೈಮರೆತೋ ಏನನ್ನೂ ಎಳೆಯದಿದ್ದಲ್ಲಿ ತಾನೇ ಆಪತ್ಕಾಲದ ಪ್ಯಾರಾಚೂಟನ್ನು ಬಿಡಿಸುವುದು ಅದರ ಕೆಲಸ. ೧೯೯೧ರಿಂದ ಮಾರಾಟಕ್ಕೆ ಬಂದ ಜರ್ಮನಿಯ ಸೈಪ್ರೆಸ್ ಯಂತ್ರದ ಸಾಮಾನ್ಯ ಮಾದರಿಯು, ನೆಲದಿಂದ ಸುಮಾರು ೨೨೫ ಮೀಟರ್ ಎತ್ತರದಲ್ಲಿ ಬೀಳುವ ವೇಗ ಸೆಕೆಂಡಿಗೆ ೩೫ ಮೀಟರಿಗಿಂತ ಹೆಚ್ಚಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಹೊಟ್ಟೆ ಕೆಳಗಾಗಿ ಬೀಳುವವನ ವೇಗ ಇದಕ್ಕಿಂತ ಬಹಳ ಹೆಚ್ಚು. ಯಂತ್ರ ಅವನನ್ನು ಗುರುತಿಸುತ್ತದೆ. ರೆಕ್ಕೆ ಚಾಚಿ ತೇಲುವವನು ಇದಕ್ಕಿಂತ ನಿಧಾನವಾಗಿ ಇಳಿಯಬಲ್ಲನು. ಯಂತ್ರದ ಕಣ್ಣಿಗೆ ಅವನ ಪ್ಯಾರಾಚೂಟು ಆಗಲೇ ಬಿಚ್ಚಿದಂತೆ ತೋರಿ ಅದು ಸುಮ್ಮನಿದ್ದುಬಿಡಬಹುದು.

ಮೊದಲ ಧುಮುಕು

ಬಣ್ಣದ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಹಸುರೂ ಕಂದೂ ಬೇಡ. ಹೊಲದಲ್ಲಿ ದಾರಿತಪ್ಪಿ ಇಳಿದವರನ್ನು ಹುಡುಕುವವರಿಗೂ, ಆಕಾಶದಲ್ಲಿ ಜೊತೆಗಿರುವವರಿಗೂ ಎದ್ದು ಕಾಣುವ ಕೆಂಪು, ಹಳದಿ, ಕಿತ್ತಳೆ ಬಣ್ಣಗಳು ಲೇಸು. ಜೇಬಿದ್ದರೆ ಅದಕ್ಕೆ ಜಿಪ್ಪು ಇರಲಿ; ಹೊರಗೆ ನೇತಾಡುವ ಲಾಡಿ, ಪಟ್ಟಿ, ಬಿಲ್ಲೆಗಳಿಗೆ ಪ್ಯಾರಾಚೂಟಿನ ಹಗ್ಗ ಸಿಕ್ಕಿಕೊಳ್ಳುವ ಸಂಭವವಿರುವುದರಿಂದ ಅವು ಬೇಡವೇ ಬೇಡ.

ಹೊಸ ಉಡುಪಿನ ಮೊದಲ ಧುಮುಕನ್ನು ಗುಂಪಿನೊಡನೆ ಮಾಡಬಾರದು. ಒಬ್ಬರೇ ಅಥವಾ ಬೋಧಕರೊಬ್ಬರ ಜೊತೆಯಲ್ಲಿ ಹೋಗಬೇಕು; ಪ್ಯಾರಾಚೂಟನ್ನು ವಾಡಿಕೆಗಿಂತ ಕೆಲವು ನೂರು ಮೀಟರ್ ಮೇಲೆಯೇ ಬಿಚ್ಚಬೇಕು. ವಿಮಾನದಿಂದ ಹೊರಬಿದ್ದು ಹನ್ನೆರಡು ಸೆಕೆಂಡುಗಳಾದ ಮೇಲೆ ವೇಗ ನೆಲೆಗೊಂಡಿರುತ್ತದೆ. ಆಗ ಮಣಿಕಟ್ಟಿನ ಎತ್ತರಮಾಪಕವು ೩,೫೦೦ ಮೀಟರ್ ತೋರಿಸಿದಾಗಿನಿಂದ ೨,೦೦೦ ತೋರಿಸುವವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಬೇಕು. ಜೊತೆಗೆ ಬೀಳುವವರ ಕ್ಯಾಮೆರಾ ಇದ್ದರೆ ಎಣಿಕೆ ಇನ್ನೂ ಸುಲಭ. ೩೦ ಸೆಕೆಂಡು ಹಿಡಿದರೆ ಸರಾಸರಿ ವೇಗ ಸೆಕೆಂಡಿಗೆ ೫೦ ಮೀಟರ್; ೩೩ ಹಿಡಿದರೆ ೪೫. ಈ ಅಂಕಿಯನ್ನು ಧುಮುಕಿನ ದಿನಚರಿಯಲ್ಲಿ ಬರೆದಿಟ್ಟು, ಅದೇ ಉಡುಪಿನಲ್ಲಿ ಇನ್ನೂ ನಾಲ್ಕೈದು ಸಲ ಪರೀಕ್ಷಿಸಬೇಕು. ಜೊತೆಗಾರರ ವೇಗಕ್ಕೆ ಎರಡು ಮೀಟರ್ ಒಳಗಾಗಿದ್ದರೆ ಉಡುಪು ಒಪ್ಪಿತೆನ್ನಬಹುದು. ಬಹಳ ಬೇಗನೆ ಬೀಳುತ್ತಿದ್ದರೆ ತೋಳಿನ ಕೆಳಗೂ ತೊಡೆಯ ಪಕ್ಕದಲ್ಲಿಯೂ ಒಂದೆರಡು ಅಂಗುಲ ಬಟ್ಟೆಯನ್ನು ಕೂಡಿಸಬೇಕು. ನಿಧಾನವಾದರೆ ಅಲ್ಲಿಯೇ ಒಳಕ್ಕೆ ಹಿಡಿದು ಹೊಲಿಯಬೇಕು. ಎರಡು ಪಕ್ಕವೂ ಸಮನಾಗಿರಬೇಕೆಂಬುದನ್ನು ದರ್ಜಿಗೆ ಒತ್ತಿ ಹೇಳಿ, ಹೊಲಿಗೆ ಮುಗಿದು ಬಂದ ಮೇಲೆ ಮತ್ತೊಮ್ಮೆ ಬೋರಲಾಗಿ ಮಲಗಿ, ಕಣ್ಣು ಮುಚ್ಚಿ, ಮೂರು ಹಿಡಿಗಳನ್ನು ಮುಟ್ಟಿ ನೋಡಬೇಕು.